ಕಂಪನಿ ಫ್ರೇಮಾ, ಅಳತೆ ಕೊಟ್ಟು ಮಾಡಿಸಿದ್ದಾ? ಶಿರಸಿಯ ಹಾದಿಯಲ್ಲಿ ಎರಡನ್ನೂ ಓಡಿಸಿ ನೋಡಿದ್ದು

ಶಿರಸಿ ಸುತ್ತ ನಾನು ಸೈಕಲ್ ಹೊಡೆಯುವುದು ಹೆಚ್ಚಾಗಿ ಅಡಿಕೆ ತೋಟದ ಹಾದಿಯಲ್ಲಿ, ಬೆಟ್ಟದ ಗಾಡಿದಾರಿಯಲ್ಲಿ. ಜಂಬಿಟ್ಟಿಗೆ ಕಲ್ಲು, ಬೇರು, ಅಲ್ಲಲ್ಲಿ ಸಂಕ. ಮೂರು ವರ್ಷ ಕಂಪನಿಯ ಅಲ್ಯೂಮಿನಿಯಂ ಫ್ರೇಮ್ ಓಡಿಸಿದೆ. ಎರಡು ಮಳೆಗಾಲದಿಂದ ಕೈಯಲ್ಲಿ ಮಾಡಿಸಿದ ಉಕ್ಕಿನ ಫ್ರೇಮ್ ಇದೆ. ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು), ಚಕ್ರ, ಟೈರು, ಬ್ರೇಕ್ ಎಲ್ಲ ಹಳೆಯದರಿಂದಲೇ ಕಳಚಿ ಹಾಕಿದ್ದು.

ಅಳತೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಹಣ ಖರ್ಚು ಮಾಡಿದ್ದೇ ಅದಕ್ಕೆ. ನನ್ನ ಕಾಲು ಉದ್ದ, ಮೈ ಗಿಡ್ಡ. ಅಂಗಡಿಯ ಮೀಡಿಯಂ ಫ್ರೇಮಿನಲ್ಲಿ ಸೀಟ್ ಪೋಸ್ಟ್ ಮಿತಿಯ ಗೆರೆ ದಾಟಿ ಮೇಲೆ ಬರುತ್ತಿತ್ತು. ಲಾರ್ಜ್ ತೆಗೆದುಕೊಂಡರೆ ಹ್ಯಾಂಡಲ್ ದೂರ. ಲಾರ್ಜೇ ತಗೊಂಡೆ, ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ ಗಿಡ್ಡದ್ದು ಹಾಕಿಸಿದೆ. ಆದರೂ ಒಂದು ತಾಸಿಗೆ ಅಂಗೈ ಜೋಮು ಹಿಡಿಯುತ್ತಿತ್ತು.

ಫ್ರೇಮ್ ಮಾಡಿಕೊಟ್ಟವರು ಕಾಲು, ತೋಳು, ಮೈ ಅಳತೆಯ ಜೊತೆಗೆ ಎಂಥ ದಾರಿ ಎಂದೂ ಕೇಳಿದರು. ಏರು ಜಾಸ್ತಿ, ಕಡಿದಾದ ಕಡೆ ಮುಂದಿನ ಚಕ್ರ ಎದ್ದು ಬಿಡುತ್ತದೆ ಎಂದೆ. ಹಳೆಯದರಲ್ಲಿ ಸೀಟಿನ ಕೊಳವೆ 73 ಡಿಗ್ರಿ ಓರೆ ಇತ್ತು, ಅವರು 75.5 ಮಾಡಿದರು. ಮೈಭಾರ ಮುಂದಕ್ಕೆ ಬಂತು. ಮನೆ ಹಿಂದಿನ ಏರಿನಲ್ಲಿ ಮೊದಲು ಇಳಿದು ತಳ್ಳುತ್ತಿದ್ದೆ, ಈಗ ಕೂತೇ ಹತ್ತುತ್ತೇನೆ. ಅಂಗೈ ಜೋಮು ಪೂರ್ತಿ ಹೋಯಿತು. ಫೋರ್ಕಿನ ಉದ್ದವನ್ನೂ ಅವರು ಅಳೆದೇ ತೆಗೆದುಕೊಂಡರು. ಅದರಲ್ಲಿ 20 ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಹ್ಯಾಂಡಲಿನ ಕೆಳಗಿನ ಕೊಳವೆಯ ಓರೆ ಸುಮಾರು ಒಂದು ಡಿಗ್ರಿ ಬದಲಾಗುತ್ತದೆ. ನೀವು ಮಾಡಿಸುವುದಾದರೆ ಫೋರ್ಕ್ ಯಾವುದೆಂದು ಮೊದಲೇ ತೀರ್ಮಾನಿಸಿ.

ತೂಕದಲ್ಲಿ ಅಲ್ಯೂಮಿನಿಯಂ ಗೆದ್ದಿತು. ನಮ್ಮ ಮನೆ ತಕ್ಕಡಿಯಲ್ಲಿ ಅದು 1.9 ಕಿಲೋ, ಉಕ್ಕಿನದು 2.6. ಉಕ್ಕು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಭಾರ, ಆದರೆ ಬಿಗಿಯೂ ಅಷ್ಟೇ ಪಟ್ಟು ಜಾಸ್ತಿ. ಅದಕ್ಕೇ ಕೊಳವೆಯನ್ನು ತೆಳ್ಳಗೆ ಮಾಡಬಹುದು. ನನ್ನದರಲ್ಲಿ ತುದಿಗೆ 0.8 ಮಿಲಿಮೀಟರ್, ನಡುವೆ 0.5. ಉಕ್ಕು ತುಂಬ ಮೆತ್ತಗೆ ಓಡುತ್ತದೆ ಅಂತಾರೆ. ಒಂದೇ ಟೈರು, ಒಂದೇ ಗಾಳಿ ಇಟ್ಟು ಓಡಿಸಿದಾಗ ನನಗೆ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಅದಕ್ಕಿಂತ ಜಾಸ್ತಿ ಹಿತ ಸಿಗುತ್ತದೆ.

ಮಳೆಗಾಲದ ಲೆಕ್ಕ ಬೇರೆ. ಹಳೆಯದರಲ್ಲಿ ಪೆಡಲ್ ತಿರುಗುವ ಅಚ್ಚಿನ ಬೇರಿಂಗನ್ನು ಫ್ರೇಮಿನೊಳಗೆ ಒತ್ತಿ ಕೂರಿಸಿದ್ದು. ಜೂನ್ ಬಂತೆಂದರೆ ಕೆಸರು ನೀರು ಹೊಕ್ಕು ಕಿರುಗುಟ್ಟಲು ಶುರು. ಹೊಸದಕ್ಕೆ ಮರೆ ಇರುವ, ತಿರುಗಿಸಿ ಕೂರಿಸುವ ಬೇರಿಂಗೇ ಬೇಕೆಂದೆ. ಎರಡು ಮಳೆಗಾಲ ಸದ್ದಿಲ್ಲ. ಹಿಂದಿನ ಚಕ್ರದ ಪಕ್ಕ ಕೆಸರು ಹೋಗಲು ಜಾಗವನ್ನೂ ಹೆಚ್ಚು ಬಿಡಿಸಿದೆ. ಕೆಂಪು ಮಣ್ಣಿಗೆ ಎಲೆ ಸೇರಿ ಅಂಟಿಕೊಂಡಾಗ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ತುಕ್ಕು! ಕಾರವಾರದಲ್ಲಿ ಅಕ್ಕನ ಮನೆ ಅಂಗಳದಲ್ಲಿ ಎರಡು ವಾರ ಇಟ್ಟಿದ್ದೆ. ಬಣ್ಣ ಗೀರಿದಲ್ಲೆಲ್ಲ ಕೆಂಪಾಯಿತು. ಉಪ್ಪುಗಾಳಿ ಸುಮ್ನೆ ಬಿಡುವುದಿಲ್ಲ. ಅಲ್ಯೂಮಿನಿಯಂ ಅದೇ ಅಂಗಳದಲ್ಲಿ ಒಂದು ಬೇಸಿಗೆ ಇತ್ತು, ಬೋಲ್ಟುಗಳು ಬಿಟ್ಟರೆ ಏನೂ ಆಗಿರಲಿಲ್ಲ. ಈಗ ಮಳೆಗಾಲಕ್ಕೆ ಮೊದಲು ಕೊಳವೆಯೊಳಗೆ ಅಗಸೆ ಎಣ್ಣೆ ಸುರಿದು ತಿರುಗಿಸಿ ಒಣಗಿಸುತ್ತೇನೆ. ತಳದಲ್ಲಿ ನೀರು ಬಸಿಯಲು ತೂತು ಇದೆ.

ರಿಪೇರಿಯಲ್ಲಿ ಉಕ್ಕಿಗೆ ಸಾಟಿಯಿಲ್ಲ. ಅಲ್ಯೂಮಿನಿಯಂ ಫ್ರೇಮ್ ಸೀಟಿನ ಕೆಳಗೆ, ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಟ್ಟಿತು. ಅಂಥದ್ದಕ್ಕೆ ಬೆಸುಗೆ ಹಾಕಿದರೆ ಮತ್ತೆ ಕಾಯಿಸಿ ಹದ ಮಾಡಬೇಕು, ಇಲ್ಲದಿದ್ದರೆ ಆ ಜಾಗ ಮೆತ್ತಗಾಗುತ್ತದೆ. ನಮ್ಮೂರಲ್ಲಿ ಆ ಕೆಲಸ ಆಗಲಿಲ್ಲ. ಉಕ್ಕಿನದರಲ್ಲಿ ಬ್ರೇಕ್ ಪೈಪಿನ ಕೊಂಡಿ ಕಿತ್ತಾಗ ಪೇಟೆಯ ಗ್ಯಾಸ್ ವೆಲ್ಡಿಂಗ್ ಅಂಗಡಿಯವರು ಹಿತ್ತಾಳೆ ಕರಗಿಸಿ ಅರ್ಧ ತಾಸಿನಲ್ಲಿ ಕೂರಿಸಿದರು. ಗೇಟು ಮಾಡುವ ಆರ್ಕ್ ವೆಲ್ಡಿಂಗಿಗೆ ಮಾತ್ರ ಕೊಡಬೇಡಿ, ತೆಳು ಕೊಳವೆ ತೂತು ಬೀಳುತ್ತದೆ.

ಕಾಯಬೇಕಾಗಿದ್ದು ಐದು ತಿಂಗಳು. ಕೊಟ್ಟ ಹಣದಲ್ಲಿ ಕಂಪನಿಯ ಪೂರ್ತಿ ಸೈಕಲ್ಲೇ ಬರುತ್ತಿತ್ತು. ಅಂಗಡಿಯ ಅಳತೆ ಮೈಗೆ ಕೂರುವವರು, ಕುಮಟಾ ಕಾರವಾರದ ಕಡೆ ಸೈಕಲ್ ಹೊರಗೇ ನಿಲ್ಲಿಸುವವರು ಅಲ್ಯೂಮಿನಿಯಂ ತಗೊಳ್ಳಿ. ನಾನಂತೂ ಇನ್ನೊಮ್ಮೆ ಉಕ್ಕಿನದನ್ನೇ ಮಾಡಿಸುತ್ತೇನೆ. ಸರಪಳಿ ಬಡಿಯುವ ಕಡೆ ದಪ್ಪ ರಬ್ಬರ್ ಸುತ್ತಿಸಿಕೊಂಡೇ ಮನೆಗೆ ತರುತ್ತೇನೆ, ಮೊದಲು ಬಣ್ಣ ಹೋಗಿದ್ದೇ ಅಲ್ಲಿ.