ಡಾಕ್ಟರ ಬೋರ್ಡು ಓದಲು ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಎಷ್ಟು ನೆರವಾಗುತ್ತದೆ?

ಮಕ್ಕಳ ಕ್ಲಿನಿಕ್ಕಿನ ಬೋರ್ಡು ಅಂದುಕೊಳ್ಳಿ. ಹೆಸರಿನ ಮುಂದೆ ಎಂಬಿಬಿಎಸ್, ಡಿಸಿಎಚ್, ಎಫ್‌ಐಎಪಿ. ಕೆಳಗೆ ಸಣ್ಣಕ್ಷರದಲ್ಲಿ ‘ಕೆಎಂಸಿ ನಂ.’ ಅಂತ ಒಂದು ಸಂಖ್ಯೆ. ಎಲ್ಲರ ಕಣ್ಣು ಹೋಗುವುದು ಮೇಲಿನ ಸಾಲಿಗೆ. ಆದರೆ ತಾಳೆ ನೋಡಲು ಸಿಗುವುದು ಕೆಳಗಿನ ಸಂಖ್ಯೆ. ಈ ಕೆಎಂಸಿ ಮಣಿಪಾಲ, ಮಂಗಳೂರಿನ ಕಾಲೇಜಲ್ಲ, ರಾಜ್ಯದಲ್ಲಿ ವೈದ್ಯರ ನೋಂದಣಿ ಮಾಡುವ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಬಹಳ ಮಂದಿ ಇಲ್ಲೇ ತಪ್ಪುತ್ತಾರೆ.

ಈ ಸಂಖ್ಯೆ ಪರೀಕ್ಷಿಸಲು ನ್ಯಾಷನಲ್ ಮೆಡಿಕಲ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್, ಅಂದರೆ ದೇಶದ ನೋಂದಾಯಿತ ಅಲೋಪತಿ ವೈದ್ಯರ ಪಟ್ಟಿ ಇದೆ. ದುಡ್ಡು ಕೊಡಬೇಕಾಗಿಲ್ಲ. ಬೋರ್ಡಿನಲ್ಲಿರುವವರು ಎಂಬಿಬಿಎಸ್ ಮಾಡಿ ನೋಂದಣಿಯಾದವರೇ ಎಂಬ ಒಂದು ಪ್ರಶ್ನೆಗೆ ಇದರಷ್ಟು ನೇರ ಉತ್ತರ ಬೇರೆಲ್ಲೂ ಸಿಗುವುದಿಲ್ಲ. ಸ್ಪೆಷಲಿಸ್ಟ್ ಹೌದೋ ಅಲ್ಲವೋ ಎಂಬುದಕ್ಕೆ ಮಾತ್ರ ಇದೊಂದನ್ನೇ ನಂಬಿ ಕೂರಬಾರದು.

ಹುಡುಕುವಾಗ ಹೆಸರಿಗಿಂತ ಸಂಖ್ಯೆಯೇ ಮೇಲು. ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಶಿವಕುಮಾರ್ ಒಂದು ಪದವೋ ಎರಡೋ, ಮಂಜುನಾಥ್ ಕೊನೆಗೆ ‘ಎಚ್’ ಇದೆಯೋ ಇಲ್ಲವೋ, ಇನಿಷಿಯಲ್ ಮೊದಲೋ ಕೊನೆಯೋ, ಯಾವುದು ತಪ್ಪಿದರೂ ಇರುವ ಡಾಕ್ಟರು ಇಲ್ಲದಂತೆ ಕಾಣುತ್ತಾರೆ. ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡವರು ಹಳೇ ಹೆಸರಿನಲ್ಲೇ ಇರಬಹುದು. ಇನ್ನು ಸಂಖ್ಯೆಯನ್ನಷ್ಟೇ ಹಾಕಿದರೆ ಬೇರೆ ಬೇರೆ ರಾಜ್ಯದವರು ಒಟ್ಟಿಗೆ ಸಾಲಾಗಿ ಬರುತ್ತಾರೆ, ಏಕೆಂದರೆ ಪ್ರತಿ ರಾಜ್ಯದ ಕೌನ್ಸಿಲ್ಲೂ ತನ್ನದೇ ಸಂಖ್ಯೆ ಕೊಡುತ್ತದೆ. ಆ ಸಾಲಿನಲ್ಲಿ ಕೌನ್ಸಿಲ್ಲಿನ ಹೆಸರು ನೋಡಿಯೇ ಆರಿಸಿ. ಪಟ್ಟಿಯಲ್ಲಿ ಕರ್ನಾಟಕದ ಜೊತೆಗೆ ಮೈಸೂರು ಮೆಡಿಕಲ್ ಕೌನ್ಸಿಲ್ ಅಂತಲೂ ಇದೆ. ಹಿರಿಯ ಡಾಕ್ಟರು ಸಿಗದಿದ್ದರೆ ಅಲ್ಲೂ ನೋಡಿ.

‘ವ್ಯೂ’ ಒತ್ತಿದರೆ ತಂದೆಯ ಹೆಸರು, ನೋಂದಣಿಯ ದಿನಾಂಕ, ಪದವಿ, ಪಾಸಾದ ವರ್ಷ, ವಿಶ್ವವಿದ್ಯಾಲಯ ಕಾಣುತ್ತವೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಶುರುವಾದದ್ದು 1996ರಲ್ಲಿ. ಅದಕ್ಕೂ ಮೊದಲು ಓದಿದವರಿಗೆ ಮೈಸೂರು, ಬೆಂಗಳೂರು, ಕರ್ನಾಟಕ ಅಥವಾ ಮಂಗಳೂರು ವಿಶ್ವವಿದ್ಯಾಲಯ ಎಂದಿದ್ದರೆ ಅದು ಸರಿಯೇ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಹೆಸರಿನ ಪಕ್ಕ 1990 ಎಂದಿದ್ದರೆ ಅನುಮಾನಪಡಿ.

ಈ ರಿಜಿಸ್ಟರಿನ ದೊಡ್ಡ ಕೊರತೆ ಹೆಚ್ಚುವರಿ ಪದವಿಯ ಜಾಗದಲ್ಲಿದೆ. ಎಂಬಿಬಿಎಸ್ ಆದ ಮೇಲೆ ನೋಂದಣಿ ಮಾಡಿಸದೆ ಪ್ರಾಕ್ಟೀಸ್ ಮಾಡುವಂತಿಲ್ಲ, ಹಾಗಾಗಿ ಆ ಸಾಲು ಸಾಮಾನ್ಯವಾಗಿ ಇರುತ್ತದೆ. ಎಂಡಿ, ಎಂಎಸ್ ಮುಗಿಸಿದವರು ಅದನ್ನು ಸೇರಿಸಲು ರಾಜ್ಯದ ಕೌನ್ಸಿಲ್ಲಿಗೆ ಮತ್ತೆ ಅರ್ಜಿ, ಫೀಸು ಕೊಡಬೇಕು. ಅರ್ಜಿ ಹಾಕದವರಿದ್ದಾರೆ, ಹಾಕಿದರೂ ರಾಜ್ಯದ ಮಾಹಿತಿ ದಿಲ್ಲಿಯ ಪಟ್ಟಿಗೆ ಸೇರದೆ ಉಳಿದದ್ದೂ ಇದೆ. ಆ ಜಾಗ ಖಾಲಿ ಇದೆ ಎಂದಮಾತ್ರಕ್ಕೆ ಡಾಕ್ಟರನ್ನು ಸುಳ್ಳುಗಾರರೆನ್ನುವುದು ಅನ್ಯಾಯ. ಕರ್ನಾಟಕ ಮೆಡಿಕಲ್ ಕೌನ್ಸಿಲ್ಲಿನಲ್ಲಿ ವಿಚಾರಿಸಿ. ಅಲ್ಲಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಾಗಿರುವುದರಿಂದ ಮಾಹಿತಿ ಹೊಸದಾಗಿರುವ ಸಾಧ್ಯತೆ ಹೆಚ್ಚು. ಆಧಾರ್ ಜೋಡಿಸಿದ ನ್ಯಾಷನಲ್ ಮೆಡಿಕಲ್ ರಿಜಿಸ್ಟರ್ 2024ರ ಆಗಸ್ಟಿನಲ್ಲಿ ಶುರುವಾಗಿದೆ, ಆದರೆ ಅದಕ್ಕೂ ವೈದ್ಯರು ಹೊಸದಾಗಿ ಅರ್ಜಿ ಹಾಕಲೇಬೇಕು.

ರಿಜಿಸ್ಟರ್ ಅಕ್ಷರಗಳ ಅರ್ಥವನ್ನಂತೂ ಹೇಳುವುದಿಲ್ಲ. ಅದನ್ನು ನಾವೇ ತಿಳಿದಿರಬೇಕು. ಮೇಲಿನ ಬೋರ್ಡಿನ ಡಿಸಿಎಚ್ ಮಕ್ಕಳ ಚಿಕಿತ್ಸೆಯಲ್ಲಿ 2 ವರ್ಷದ ಡಿಪ್ಲೊಮಾ. ಎಂಡಿ 3 ವರ್ಷ. ಡಿಎನ್‌ಬಿ ಎಂದರೆ ಕಡಿಮೆ ಎಂದುಕೊಳ್ಳುವವರಿದ್ದಾರೆ. ಅದು ಎಂಡಿ, ಎಂಎಸ್‌ಗೆ ಸಮಾನ ಪದವಿಯೇ. ಎಫ್‌ಐಎಪಿ ಮಕ್ಕಳ ವೈದ್ಯರ ಸಂಘ ತನ್ನ ಸದಸ್ಯರಿಗೆ ಕೊಡುವ ಗೌರವ, ಓದಿ ಪಡೆದ ಪದವಿಯಲ್ಲ. ಎಂಡಿ ತಿರುಗಿಸಿ ಬರೆದಂತೆ ಕಾಣುವ ಡಿಎಂ ಎಂಡಿಯ ನಂತರ ಮತ್ತೂ 3 ವರ್ಷ ಓದಿ ಪಡೆಯುವ ಸೂಪರ್ ಸ್ಪೆಷಾಲಿಟಿ; ಆಪರೇಷನ್ ಮಾಡುವವರಿಗೆ ಅದೇ ಮಟ್ಟದ್ದು ಎಂಸಿಎಚ್. ಬ್ರಿಟನ್ನಿನ ಎಂಆರ್‌ಸಿಪಿ ಪರೀಕ್ಷೆ ಬರೆದು ಬರುವಂಥದ್ದು, ಎಫ್‌ಆರ್‌ಸಿಪಿ ಅಲ್ಲಿನ ಫಿಸಿಷಿಯನ್ನರ ರಾಯಲ್ ಕಾಲೇಜು ಆರಿಸಿ ಕೊಡುವಂಥದ್ದು.

ಹೆಚ್ಚು ಮೋಸ ಹೋಗುವುದು ಎಂಡಿ ಎಂಬ ಎರಡಕ್ಷರದಲ್ಲಿ. ರಷ್ಯಾದಲ್ಲಿ ಓದಿದವರ ‘ಎಂಡಿ ಫಿಸಿಷಿಯನ್’ ನಮ್ಮ ಎಂಬಿಬಿಎಸ್‌ಗೆ ಸಮ, ಸ್ಪೆಷಲಿಸ್ಟ್ ಪದವಿಯಲ್ಲ. ಎಂಡಿ ಆಯುರ್ವೇದ ನಿಜವಾದ ಸ್ನಾತಕೋತ್ತರ ಪದವಿ, ಆದರೆ ಆಯುರ್ವೇದದಲ್ಲಿ. ಎಂಡಿ ಎಎಂ, ಅಂದರೆ ‘ಆಲ್ಟರ್ನೇಟಿವ್ ಮೆಡಿಸಿನ್’ ಎಂದಿದ್ದರೆ ಅಲ್ಲಿಂದ ಎದ್ದು ಬನ್ನಿ. ಅದಕ್ಕೆ ವೈದ್ಯಕೀಯ ಪದವಿಯ ಮಾನ್ಯತೆ ಇಲ್ಲ. ಆರ್‌ಎಂಪಿ ಎಂದರೆ ಕಾನೂನಿನ ಭಾಷೆಯಲ್ಲಿ ನೋಂದಾಯಿತ ವೈದ್ಯರು. ಹಳ್ಳಿ ಕಡೆ ಪದವಿಯಿಲ್ಲದೆ ಇಂಜೆಕ್ಷನ್ ಚುಚ್ಚುವವರನ್ನೂ ಹಾಗೇ ಕರೆಯುತ್ತಾರೆ. ಆ ಮೂರಕ್ಷರ ಕಂಡರೆ ಸಂಖ್ಯೆ ಕೇಳಲೇಬೇಕು.

ಬಿಡಿಎಸ್, ಎಂಡಿಎಸ್ ದಂತವೈದ್ಯರು, ಆಯುರ್ವೇದದ ಬಿಎಎಂಎಸ್, ಹೋಮಿಯೋಪತಿಯ ಬಿಎಚ್‌ಎಂಎಸ್‌ನವರು, ಜಿಎನ್‌ಎಂ ನರ್ಸುಗಳು ಈ ರಿಜಿಸ್ಟರಿನಲ್ಲಿ ಸಿಗುವುದಿಲ್ಲ. ಅವರವರಿಗೆ ಪ್ರತ್ಯೇಕ ಕೌನ್ಸಿಲ್ಲು, ಮಂಡಳಿಗಳಿವೆ. ಇಲ್ಲಿ ಹುಡುಕಿ ಕಾಣಲಿಲ್ಲವೆಂದು ಗಾಬರಿಯಾಗಬೇಡಿ.

ಬೋರ್ಡಿನಲ್ಲಿ ಸಂಖ್ಯೆಯೇ ಇಲ್ಲದಿದ್ದರೆ? 2002ರ ವೈದ್ಯರ ನಡವಳಿಕೆ ನಿಯಮದ ಪ್ರಕಾರ ಕ್ಲಿನಿಕ್ಕಿನಲ್ಲಷ್ಟೇ ಅಲ್ಲ, ಔಷಧಿ ಚೀಟಿ, ಸರ್ಟಿಫಿಕೇಟು, ದುಡ್ಡಿನ ರಸೀದಿ ಎಲ್ಲದರಲ್ಲೂ ನೋಂದಣಿ ಸಂಖ್ಯೆ ಇರಬೇಕು. ಚೀಟಿಯಲ್ಲೂ ಇಲ್ಲದಿದ್ದರೆ ರಿಸೆಪ್ಷನ್ನಿನಲ್ಲಿ ಕೇಳಿ, ಬರೆಸಿಕೊಳ್ಳಿ. ಸಂಖ್ಯೆ ಒಬ್ಬರದು, ಹೆಸರು ಇನ್ನೊಬ್ಬರದು ಎಂದು ಕಂಡರೆ ಚೀಟಿಯ ಮತ್ತು ಬೋರ್ಡಿನ ಫೋಟೊ ಸಮೇತ ಕರ್ನಾಟಕ ಮೆಡಿಕಲ್ ಕೌನ್ಸಿಲ್ಲಿಗೋ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೋ ಲಿಖಿತ ದೂರು ಕೊಡಿ.