ಪೆಡಲ್ ಬೋಟಿನ ಚುಕ್ಕಾಣಿ: ದಡ ಬಿಡುವ ಮೊದಲು ನೋಡಬೇಕಾದ್ದು

ಹುಬ್ಬಳ್ಳಿ-ಧಾರವಾಡದ ಕಡೆ ಕೆರೆಗಳಲ್ಲಿ ಬಾಡಿಗೆಗೆ ಸಿಗುವ ನಾಲ್ಕು ಸೀಟಿನ ಫೈಬರ್ ಪೆಡಲ್ ಬೋಟಿಗೆ ಐದಕ್ಕೆ ಮೂರು ಅಂಕ. ತೇಲುವುದರಲ್ಲಿ ಕೊರತೆಯಿಲ್ಲ, ತಳ ಅಗಲವಾಗಿದೆ, ಸುಲಭಕ್ಕೆ ಮಗುಚುವುದಿಲ್ಲ. ಹೋದ ಎರಡು ಅಂಕವೂ ಚುಕ್ಕಾಣಿಯ ಲೆಕ್ಕಕ್ಕೆ.

ಮುಂದಿನ ಸೀಟುಗಳ ನಡುವಿನ ಹಿಡಿಕೆಯನ್ನು ಎಲ್ಲರೂ ಸ್ಟೇರಿಂಗ್ ಅನ್ನುತ್ತಾರೆ. ಅದರ ಸರಳು ಹಿಂದಕ್ಕೆ ಹೋಗಿ ಸೇರುವ, ನೀರಿನೊಳಗೆ ನಿಂತ ಹಲಗೆಯೇ ಚುಕ್ಕಾಣಿ. 'ಅಧಿಕಾರದ ಚುಕ್ಕಾಣಿ' ಎಂದು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಸಮುದ್ರದಿಂದ ದೂರವಿರುವ ನಮ್ಮ ಭಾಗದಲ್ಲಿ ಆ ವಸ್ತು ಕೈಗೆ ಸಿಗುವುದು ಇಲ್ಲಿ ಮಾತ್ರ. ಪದ ಬಂದದ್ದು ಅರಬ್ಬಿಯ 'ಸುಕ್ಕಾನ್'ನಿಂದ, ಅಲ್ಲಿಯೂ ಅರ್ಥ ಇದೇ. ಮಲಯಾಳದಲ್ಲಿ ಚುಕ್ಕಾನ್, ಮರಾಠಿಯಲ್ಲಿ ಸುಕಾಣೂ: ಅರಬ್ಬಿ ಹಡಗುಗಳು ಬಂದುಹೋದ ಪಶ್ಚಿಮ ಕರಾವಳಿಯುದ್ದಕ್ಕೂ ಒಂದೇ ಮಾತು. ಲಂಗರು ಪರ್ಷಿಯನ್ ಮೂಲದ್ದು. ಹಾಯಿ ಮಾತ್ರ ನಮ್ಮ ನುಡಿಬಳಗದ್ದೇ. ತಮಿಳಿನ 'ಪಾಯ್' ಅಂದರೆ ಚಾಪೆಯೂ ಹೌದು, ಹಾಯಿಯೂ ಹೌದು.

ಇನ್ನು ಬಳಕೆ. ಹಲಗೆಗೆ ನೀರು ಹರಿದು ಬಡಿದರಷ್ಟೇ ಬೋಟಿನ ಹಿಂಭಾಗ ಪಕ್ಕಕ್ಕೆ ಸರಿದು ಮೂತಿ ತಿರುಗುತ್ತದೆ. ಪೆಡಲ್ ನಿಲ್ಲಿಸಿ ಹಿಡಿಕೆ ಎಳೆದರೆ ಪ್ರಯೋಜನವಿಲ್ಲ. ದಡ ಹತ್ತಿರ ಬಂತೆಂದು ಗಾಬರಿಯಾಗಿ ಕಾಲು ನಿಲ್ಲಿಸುವವರೇ ಹೆಚ್ಚಾಗಿ ಡಿಕ್ಕಿ ಹೊಡೆಯುವುದು. ಹಿಡಿಕೆಯನ್ನು ಪೂರ್ತಿ ಎಳೆದರೂ ತಪ್ಪೇ, ಹಲಗೆ ಅಡ್ಡ ನಿಂತು ವೇಗ ತಿನ್ನುತ್ತದೆ. ಅರ್ಧ ಎಳೆದು, ತುಳಿಯುತ್ತಲೇ ಇರಿ. ಒಂದು ಕ್ಷಣ ತಡವಾಗಿ ಬೋಟು ತಿರುಗುತ್ತದೆ. ಹಿಂದಕ್ಕೆ ತುಳಿಯುವಾಗ ತಿರುವು ಉಲ್ಟಾ ಎಂಬುದು ನೆನಪಿರಲಿ.

ದಡದಲ್ಲೇ ಹಿಡಿಕೆಯನ್ನು ಆಚೀಚೆ ಆಡಿಸಿ, ಸಿಬ್ಬಂದಿಗೆ ಹಿಂದೆ ನೋಡಲು ಹೇಳಿ. ಹಲಗೆಯ ಹಿಂದಿನ ಅಂಚು ಬಲಕ್ಕೆ ಹೋದರೆ ಬೋಟು ಬಲಕ್ಕೆ ತಿರುಗಬೇಕು. ಹಿಡಿಕೆ ನಾಲ್ಕು ಬೆರಳು ಸರಿದ ಮೇಲೂ ಹಲಗೆ ಅಲುಗದಿದ್ದರೆ ಸರಳಿನ ಬೋಲ್ಟು ಸವೆದಿದೆ. ಬೇರೆ ಬೋಟು ಕೇಳಿ, ಸಂಕೋಚ ಬೇಡ. ಭಾರದವರು ಇಬ್ಬರೂ ಒಂದೇ ಬದಿ ಕೂತರೆ ಬೋಟು ವಾಲಿ, ಚುಕ್ಕಾಣಿ ನೇರವಿದ್ದರೂ ಒಂದು ಕಡೆಗೆ ಎಳೆಯುತ್ತದೆ. ಅಂತರಗಂಗೆ ಬೆಳೆದ ಕಡೆ ಹೋಗಲೇಬೇಡಿ. ಅದರ ಬೇರು ಚಕ್ರಕ್ಕೂ ಹಲಗೆಗೂ ಸುತ್ತಿಕೊಂಡರೆ ತುಳಿಯುವುದೂ ಆಗದು, ತಿರುಗಿಸುವುದೂ ಆಗದು.

ಆಷಾಢದ ಗಾಳಿಗೆ ಈ ಹಗುರ ಬೋಟು ಎಲೆಯಂತೆ ಸರಿಯುತ್ತದೆ. ಆಗ ಮೊದಲು ಗಾಳಿಗೆ ಎದುರಾಗಿ, ಪಡುವಣಕ್ಕೆ ಹೋಗಿ. ಕಾಲು ಸೋತ ಮೇಲೆ ಗಾಳಿಯೇ ವಾಪಸು ತರುತ್ತದೆ. ಲೈಫ್ ಜಾಕೆಟ್ಟಿನ ಬಕಲ್ ಹಾಕದೆ ಕೂರಬೇಡಿ.