ಈಕ್ವಿಪ್ ಬೇಕಾ, ಸಿಆರ್‌ಪಿ ಬೇಕಾ?

ಅಮೆರಿಕದ ಹಳ್ಳಿಗಾಡಿನ ಕೌಂಟಿಯಲ್ಲಿ ಜಮೀನು ಇದೆಯಾ? ಹಾಗಿದ್ದರೆ ಅಲ್ಲಿನ ಕೃಷಿ ಇಲಾಖೆಯಾದ ಯುಎಸ್‌ಡಿಎಯ ಸರ್ವೀಸ್ ಸೆಂಟರ್‌ಗೆ ಹೋಗಿ, ರೈತರ ನೆರವು ನೋಡಿಕೊಳ್ಳುವ ಎಫ್‌ಎಸ್‌ಎ ವಿಭಾಗದಲ್ಲಿ ಮೊದಲು ಫಾರ್ಮ್ ನಂಬರ್ (ಜಮೀನಿನ ನೋಂದಣಿ ಸಂಖ್ಯೆ) ಮಾಡಿಸಿ. ಈಕ್ವಿಪ್, ಸಿಆರ್‌ಪಿ ಎಂಬ ಎರಡು ಸರ್ಕಾರಿ ನೆರವಿನ ಯೋಜನೆಗಳಿಗೂ ಅದು ಬೇಕು.

ಬೇಸಾಯ ಮುಂದುವರಿಸುವವರಿಗೆ ಅದೇ ಇಲಾಖೆಯ ಮಣ್ಣು-ನೀರು ಸಂರಕ್ಷಣೆ ವಿಭಾಗವಾದ ಎನ್‌ಆರ್‌ಸಿಎಸ್‌ನ ಈಕ್ವಿಪ್ ಸರಿ. ಬೇಲಿ, ಮಣ್ಣು ಕಾಯಲು ಬೆಳೆಸುವ ಹೊದಿಕೆ ಬೆಳೆ, ನೀರಾವರಿ ಸುಧಾರಣೆ, ಇಂಥದ್ದಕ್ಕೆ ಖರ್ಚಿನ ಒಂದು ಪಾಲು ಸಿಗುತ್ತದೆ. ಆದರೆ ಹಣ ಬರುವುದು ಸಾಮಾನ್ಯವಾಗಿ ಕೆಲಸ ಮುಗಿದ ಮೇಲೆ. ಕರಾರಿಗೆ ಸಹಿ ಬೀಳುವ ಮೊದಲು ಕೆಲಸ ಶುರು ಮಾಡಲೇಬೇಡಿ, ನೆರವು ಕೈತಪ್ಪುತ್ತದೆ. ಬೇಸಾಯಕ್ಕೆ ಇಳಿದು 10 ವರ್ಷ ದಾಟದವರು ಮುಂಗಡ ಕೇಳಬಹುದು. ಇದನ್ನು ಸುಮ್ನೆ ಬಿಟ್ಟುಬಿಡಬೇಡಿ.

ಎಫ್‌ಎಸ್‌ಎಯ ಸಿಆರ್‌ಪಿಯಲ್ಲಿ ಮಣ್ಣು ಕೊಚ್ಚಿಹೋಗುವ ಹೊಲದಲ್ಲಿ ಬೆಳೆ ನಿಲ್ಲಿಸಿ ಹುಲ್ಲು, ಮರ ಬೆಳೆಸಬೇಕು. ಅದಕ್ಕೆ 10ರಿಂದ 15 ವರ್ಷ, ಪ್ರತಿ ವರ್ಷ ಬಾಡಿಗೆ ಕೊಡುತ್ತಾರೆ. ಹೊಸದಾಗಿ ಕೊಂಡ ಜಮೀನಿಗೆ ಸಾಮಾನ್ಯವಾಗಿ 12 ತಿಂಗಳು ಕಾಯಬೇಕು.

ಸಣ್ಣ ಜಮೀನಿನಲ್ಲಿ ದುಡಿಯುವ ಆಸೆ ಇದ್ದವರಿಗೆ ನಾನು ಈಕ್ವಿಪ್ ಅನ್ನೇ ಹೇಳುತ್ತೇನೆ.